ಆಲಂ ಮೂಟೆಯ ಜಾತಕ

ಅಘನಾಶಿನಿಗೆ ಅಡ್ಡಲಾಗಿ ಒಂದು ಅಣೆಕಟ್ಟಿಲ್ಲ, ದಂಡೆಯಲ್ಲಿ ಹೇಳಿಕೊಳ್ಳುವಂಥ ದೊಡ್ಡ ಕಾರ್ಖಾನೆಯೂ ಇಲ್ಲ. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕತಗಾಲ ಸೀಮೆಯ ಚಂಡಿಕಾ ಹೊಳೆಯನ್ನೂ ಕೂಡಿಸಿಕೊಂಡು ಕಡಲಿಗೆ ಹೋಗುವ ನದಿ. ಆದರೂ ನಮಗೆ ಅನುಮಾನವೆಲ್ಲ ನದಿಯ ಮೇಲೇ.

ಮಳೆಗಾಲದಲ್ಲಿ ಚಂಡಿಕೆ ಉಕ್ಕಿ ಕತಗಾಲದಲ್ಲಿ ಕುಮಟಾ–ಶಿರಸಿ ಬಸ್ಸು ನಿಲ್ಲಿಸುವ ಹೊತ್ತಿಗೆ ನೀರು ಕೆಂಪಾಗಿರುತ್ತದೆ. ಕೆಸರು ತಳ ಹಿಡಿಯಲು ಆಲಂ ಬೇಕು, ರೋಗಾಣು ಸಾಯಲು ಕ್ಲೋರಿನ್ ಬೇಕು. ತಕರಾರು ಅದಲ್ಲ. ಅಳಿಯನಾಗುವವನೂ ಜಾತಕ ತೋರಿಸಿಯೇ ಒಳಗೆ ಬರುವ ಈ ಸೀಮೆಯಲ್ಲಿ ಆಲಂ ಮೂಟೆ ಮಾತ್ರ ಲಾರಿಯಿಂದಿಳಿದು ನೇರ ಕುಡಿಯುವ ನೀರಿಗೇ ಇಳಿಯುತ್ತದೆ.

ಜಾತಕ ನೋಡಿದರೆ ಸ್ವಾರಸ್ಯವಿದೆ. ಆಲಂ ಆಗುವುದು ಬಾಕ್ಸೈಟ್ ಮತ್ತು ಗಂಧಕಾಮ್ಲದಿಂದ. ಆಮ್ಲ ಹಲವೊಮ್ಮೆ ತಾಮ್ರ, ಸತು ಕರಗಿಸುವ ಕುಲುಮೆಯ ಹೊಗೆಯಿಂದ ಹುಟ್ಟಿದ್ದು. ಅದಿರಿನ ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸದ ಚೂರುಪಾರು ಅದರ ಬೆನ್ನಿಗೇ ಬರಬಹುದು. ಇನ್ನೊಂದು ಔಷಧ ಫೆರಿಕ್ ಕ್ಲೋರೈಡನ್ನು ಉಕ್ಕು ತೊಳೆದು ಉಳಿದ ಆಮ್ಲದಿಂದಲೂ ಮಾಡುತ್ತಾರೆ. ಕಾರ್ಖಾನೆಯ ಕೊಳೆ ಎನ್ನಬೇಡಿ, ಮೂಟೆಗೆ ತುಂಬಿದ ಮೇಲೆ ಅದು ‘ಜಲಶುದ್ಧೀಕರಣ ಸಾಮಗ್ರಿ’.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಕಿಲೋ ಆಲಂನಲ್ಲಿ 30 ಮಿಲಿಗ್ರಾಂ ಸೀಸ ಇದೆ ಅಂದುಕೊಳ್ಳಿ. ಲೀಟರಿಗೆ 50 ಮಿಲಿಗ್ರಾಂ ಆಲಂ ಹಾಕಿದರೆ ನೀರಿಗೆ ಬೀಳುವ ಸೀಸ 1.5 ಮೈಕ್ರೋಗ್ರಾಂ. ನಮ್ಮ ಕುಡಿಯುವ ನೀರಿನ ಮಾನಕ ಐಎಸ್ 10500 ಕೊಡುವ ಮಿತಿ 10. ಗಾಬರಿ ಬೀಳುವ ಅಂಕಿಯಲ್ಲ, ಬಹುಪಾಲು ಕೆಸರಿನ ಜೊತೆ ತಳಕ್ಕೂ ಹೋಗಬಹುದು. ಆದರೆ ಅಮೆರಿಕದಲ್ಲಿ 1988ರಲ್ಲಿ ಬಂದ ಎನ್‌ಎಸ್‌ಎಫ್ 60 ಮಾನಕದ ಸಾಮಾನ್ಯ ಸೂತ್ರದ ಪ್ರಕಾರ, ನೀರಿಗೆ ಹಾಕುವ ಒಂದೊಂದು ರಾಸಾಯನಿಕವೂ ಯಾವುದೇ ಕಲ್ಮಶವನ್ನು ಅದರ ಮಿತಿಯ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಸೇರಿಸುವಂತಿಲ್ಲ. ನಮ್ಮ ಮಿತಿಗೇ ಆ ಸೂತ್ರ ಹಚ್ಚಿದರೂ ನಮ್ಮ ಮೂಟೆ ಫೇಲು. ಮೇಲಾಗಿ, ನೀರು ಕೆಂಪಾದಷ್ಟೂ ಆಲಂ ಹೆಚ್ಚು, ಆಲಂ ಹೆಚ್ಚಾದಷ್ಟೂ ಸೀಸ ಹೆಚ್ಚು. ತಳ ಸೇರಿದ ಕೆಸರು ಮುಂದೆ ಎಲ್ಲಿಗೆ ಹೋಗುತ್ತದೆಂದು ಈಗಲೇ ಕೇಳಬೇಡಿ; ಕೆಳಗೆ ಅಳಿವೆಯಿದೆ, ಬೆಳಚು ಎಂಬ ಚಿಪ್ಪಿ ಹೆಕ್ಕುವವರಿದ್ದಾರೆ, ಜೌಗುನೆಲವೆಂದು ಅಳಿವೆಗೆ 2024ರಲ್ಲಿ ಬಂದ ರಾಮ್ಸಾರ್ ಪಟ್ಟವೂ ಇದೆ.

ಪತ್ತೆ ಹಚ್ಚುವುದು ಹೇಗೆ? ಜಲ ಜೀವನ ಮಿಷನ್ ಹಳ್ಳಿಗಳಿಗೆ ಕೊಟ್ಟ ಪರೀಕ್ಷಾ ಪೆಟ್ಟಿಗೆ ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಹೇಳುತ್ತದೆ. ಸೀಸ, ಪಾದರಸದ ವಿಷಯದಲ್ಲಿ ಅದು ಮೌನಿ. ಇನ್ನು ಟೆಂಡರ್ ಕಾಗದ ಬಾಯಿತುಂಬ ಮಾತಾಡುತ್ತದೆ: ಜಿಎಸ್‌ಟಿ, ಠೇವಣಿ, ಮೂರು ವರ್ಷದ ವಹಿವಾಟು, ಕೊನೆಗೆ ಎಲ್‌–1. ಕಡಿಮೆ ದರದವನೇ ಶುದ್ಧ.

ಹೀಗೆಲ್ಲ ಹೇಳಿದ್ದಕ್ಕೆ ಯಾರೋ ಒಬ್ಬ ಪುಣ್ಯಾತ್ಮ ಅಧಿಕಾರಿ ಎಚ್ಚೆತ್ತು, ಬ್ಯಾಚ್ ಬ್ಯಾಚಿಗೂ ಸೀಸ, ಆರ್ಸೆನಿಕ್, ಪಾದರಸದ ಪ್ರಯೋಗಾಲಯ ವರದಿ ಬೇಕೆಂದು ಪೂರೈಕೆದಾರನಿಗೆ ಪತ್ರ ಬರೆದನೆನ್ನಿ. ಮೂರನೇ ದಿನ ಉತ್ತರ ಬರುತ್ತದೆ: ‘ಮಾನ್ಯರೇ, ಇದುವರೆಗೆ ಯಾರೂ ಕೇಳಿಲ್ಲ. ತಮ್ಮಲ್ಲಿ ಹಳೇ ವರದಿಯ ನಮೂನೆ ಇದ್ದರೆ ದಯವಿಟ್ಟು ಕಳಿಸಿ, ತುಂಬಿ ಕೊಡುತ್ತೇವೆ.’