ಐದೂರ ಭಜನಿಯ ಆಲ್ಬಮ್ಮು

ಡಬ್ಲಿನ್ನಿನಲ್ಲಿ ನೌಕರಿಗಿರುವ ನಮ್ಮ ತಮ್ಮನ ಮಗ ಐರಿಷ್ ಜನಪದ ಸಂಗೀತದ ಒಂದು ಆಲ್ಬಮ್ ಕಳಿಸಿದ್ದೇ ಇಷ್ಟಕ್ಕೆಲ್ಲ ಕಾರಣ. ಅಲ್ಲಿಯ ಊರಮಂದಿ ಸಂಜೆ ಪಬ್ಬಿನಲ್ಲಿ ಕೂಡಿ, ಪಿಟೀಲು, ಕೊಳಲು, ಬೌರಾನ್ ಎಂಬ ಚರ್ಮವಾದ್ಯ ಹಿಡಿದು ಒಂದೇ ಮಟ್ಟನ್ನು ತಿರುತಿರುಗಿಸಿ ಬಾರಿಸುತ್ತಾರೆ. ವಾಡಿಯ ಪೇಟಿ ಮಾಸ್ತರರಿಗೆ ಕೇಳಿಸಿದೆ. "ಇದು ಭಜನಿನೇ ಅದರೀ. ಚಾ ಬದಲಿ ಬ್ಯಾರೆ ಕುಡೀತಾರ, ಅಷ್ಟೇ" ಎಂದರು.

ಹಾಗಾದರೆ ನಾವೂ ಒಂದು ಮಾಡೋಣ ಎಂದಾಯಿತು. ವಾಡಿಯ ಪೇಟಿ, ಶಹಾಬಾದಿನ ತಬಲಾ, ಚಿತ್ತಾಪುರದ ಏಕತಾರಿ, ಹಾಡಲು ಸೇಡಂನವರೊಬ್ಬರು, ಚಿಂಚೋಳಿಯವರೊಬ್ಬರು. ತಾಳ ನನ್ನ ಕೈಗೆ ಬಂತು. ರೊಕ್ಕ ಹಾಕಿದವನಿಗೆ ಏನಾದರೂ ಕೊಡಬೇಕಲ್ಲ.

ಶಹಾಬಾದಿನ ತಬಲಾದವರ ಮನೆಯೇ ಸ್ಟುಡಿಯೋ. ನೆಲಕ್ಕೆ ಪರಸಿ, ಗೋಡೆಗೆ ಪರಸಿ, ಮೇಲೆ ಹೊದಿಸಿದ್ದೂ ಪರಸಿ. ಒಬ್ಬ ಕೆಮ್ಮಿದರೆ ಇಡೀ ಮಂಡಳಿಯೇ ಕೆಮ್ಮಿದಂತೆ ಕೇಳುತ್ತಿತ್ತು. ಮನೆಯೊಡತಿ ಇದ್ದಬದ್ದ ಕೌದಿಗಳನ್ನೆಲ್ಲ ಗೋಡೆಗೆ ಇಳಿಬಿಟ್ಟರು. ಸಪ್ಪಳ ಬೇಡವೆಂದು ಫ್ಯಾನನ್ನೂ ಬಂದ್ ಮಾಡಿದೆವು. ಕಲಬುರಗಿ ಜಿಲ್ಲೆಯ ಮೇ ತಿಂಗಳಲ್ಲಿ ಇದು ಹಾಡಿಕೆಯಲ್ಲ, ಹಠಯೋಗ.

ಅಸಲಿ ಜಗಳ ಧಾಟಿಯದು. ಕಡಕೋಳ ಮಡಿವಾಳಪ್ಪನವರ ಒಂದು ತತ್ವಪದ ಆರಿಸಿದ್ದೆವು. ಸೇಡಂ ಧಾಟಿಯೇ ಬೇರೆ, ಚಿಂಚೋಳಿ ಧಾಟಿಯೇ ಬೇರೆ. ಚಿಂಚೋಳಿಯವರ ಪದ ಕೊನೆಗೆ ತೆಲುಗಿನ ಕಡೆ ಜಾರುತ್ತದೆಂದು ಸೇಡಂನವರ ತಕರಾರು. "ಸೇಡಂ ಏನು ಬೆಳಗಾವಿ ಬಾಜೂಕದೇನ್ರೀ?" ಎಂದರು ಚಿಂಚೋಳಿಯವರು.

ಶುದ್ಧ ಧಾಟಿಯ ಮಾತು ಬಂದಾಗ ಪೇಟಿ ಮಾಸ್ತರರು ಮಾತ್ರ ಸುಮ್ಮನಿದ್ದರು. ಪೇಟಿಯ ಮೂಲಪುರುಷ ಹಾರ್ಮೋನಿಯಂಗೆ ಪ್ಯಾರಿಸಿನ ದೆಬೇನ್ ಪೇಟೆಂಟ್ ಪಡೆದದ್ದು 1842ರಲ್ಲಿ. ನಮ್ಮ ಆಕಾಶವಾಣಿ 1940ರಲ್ಲಿ ಅದಕ್ಕೆ ಬಾಗಿಲು ಹಾಕಿ, 1971ರವರೆಗೆ ತೆರೆಯಲಿಲ್ಲ. "ರೇಡಿಯೋ ಬಿಟ್ಟಿತ್ತು, ಭಜನಿ ಬಿಟ್ಟಿರಲಿಲ್ಲ" ಎಂಬುದು ಮಾಸ್ತರರ ಹಳೆಯ ಮಾತು. ಐರಿಷರೂ ಕಡಿಮೆಯಿಲ್ಲ, 1960ರ ದಶಕದಲ್ಲಿ ಗ್ರೀಸಿನಿಂದ ಬಂದ ಬೂಜೂಕಿಯನ್ನು ಈಗ ತಾತನ ಕಾಲದ್ದೆಂಬಂತೆ ಬಾರಿಸುತ್ತಾರೆ.

ಅವರ ಮಟ್ಟುಗಳನ್ನು ಕೂಡಿಹಾಕಿದವನು ಶಿಕಾಗೋದ ಪೊಲೀಸ್ ಮುಖ್ಯಸ್ಥ, ಐರ್ಲೆಂಡಿನಲ್ಲೇ ಹುಟ್ಟಿದ ಫ್ರಾನ್ಸಿಸ್ ಓನೀಲ್. 1903ರಲ್ಲಿ 1850 ಮಟ್ಟುಗಳ ಪುಸ್ತಕ ತಂದ. ಚೆನ್ನಾಗಿ ಬಾರಿಸುವವರನ್ನು ಪೊಲೀಸ್ ನೌಕರಿಗೇ ಸೇರಿಸುತ್ತಿದ್ದನಂತೆ. ನಮ್ಮಲ್ಲಿ ಭಜನಿಗೆ ಪೊಲೀಸರು ಬರುವುದು ಮೈಕು ಬಂದ್ ಮಾಡಿಸಲಿಕ್ಕೆ.

ಆದರೆ ಧಾಟಿಯ ಜಗಳ ಬರೀ ಹಟವಲ್ಲ. ಸ್ಲೈಗೋ ಕಡೆಯ ಪಿಟೀಲುಗಾರ ಮೈಕೆಲ್ ಕೋಲ್ಮನ್ 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ರೆಕಾರ್ಡು ಮಾಡಿದ. ಅವು ಐರ್ಲೆಂಡಿಗೆ ಮರಳಿದ್ದೇ ತಡ, ಬೇರೆ ಸೀಮೆಯವರೂ ತಮ್ಮ ಧಾಟಿ ಬದಿಗಿಟ್ಟು ಅವನಂತೆಯೇ ಬಾರಿಸತೊಡಗಿದರು. ಇದನ್ನು ನಾನು ಹೇಳಬಾರದಿತ್ತು. ರೆಕಾರ್ಡಾದದ್ದೇ ನಾಳೆ ಎಲ್ಲರ ಮೊಬೈಲಿನಲ್ಲಿ ಅಸಲಿ ಆಗುತ್ತದೆಂದು ಗೊತ್ತಾದ ಮೇಲೆ ಯಾರೂ ಒಂದು ಸ್ವರವನ್ನೂ ಬಿಟ್ಟುಕೊಡಲಿಲ್ಲ.

ಮನಸ್ಸು ಬೇರೆ ಕಡೆ ಹೊರಳಲೆಂದು ಕವರಿನ ಮೇಲೆ ಊರುಗಳ ಹೆಸರು ಹೇಗಿರಬೇಕೆಂದು ಕೇಳಿದೆ. ಅಕಾರಾದಿಯಲ್ಲಿ ಚಿಂಚೋಳಿ ಮೊದಲು, ಸೇಡಂ ಕೊನೆಗೆ. ಸೇಡಂನವರು ಎದ್ದೇ ನಿಂತರು. "ನೃಪತುಂಗನ ಮಳಖೇಡ ನಮ್ಮ ತಾಲ್ಲೂಕಿನಾಗದ. ನಾವು ಕಡೀಕ ಬರಬೇಕೇನು?"

"ಸನ್ನತಿ ನಮ್ಮದು. ಅಶೋಕನ ಶಾಸನ ನಿಮ್ಮ ನೃಪತುಂಗಗಿಂತ ಸಾವಿರ ವರ್ಷ ಹಿಂದಿಂದು" ಎಂದರು ಚಿತ್ತಾಪುರದವರು.

"ಎಲ್ಲಾರೂ ನಿಂತಿದ್ದು ನಮ್ಮ ಕಲ್ಲಿನ ಮ್ಯಾಲೆ" ಎಂದು ಶಹಾಬಾದಿನವರು ನೆಲ ತೋರಿಸಿದರು.

"ಗಾಡಿ ಬದಲಿ ಮಾಡ್ಲಾಕ ವಾಡಿಗೇ ಬರಬೇಕು, ನೆಪ್ಪಿರಲಿ" ಎಂದರು ಮಾಸ್ತರರು.

ಚಿಂಚೋಳಿಯವರು ಮೆಲ್ಲಗೆ ಗಡಿಯಾರ ನೋಡಿಕೊಂಡರು. "ನಮ್ಮ ಹೆಸರು ಕಡೀಕ ಹಾಕ್ರಿ, ನಡೀತದ. ನಮ್ಮೂರಿಗಿ ರೈಲಿಲ್ಲ, ಬಸ್ಸಿನ ಹೊತ್ತಾತು. ಪದಾ ಒಮ್ಮೆ ನಾನಾ ಹಾಡಿ ಹೊಂಡ್ತೀನಿ."

ಕವರಿನ ಗೆಲುವಿನ ಸಂಭ್ರಮದಲ್ಲಿ ಎಲ್ಲರೂ ಹೂಂ ಅಂದರು. ಮಡಿವಾಳಪ್ಪನವರ ಪದ ಚಿಂಚೋಳಿ ಧಾಟಿಯಲ್ಲೇ ರೆಕಾರ್ಡಾಯಿತು.