ಮುಂದಿನ ಗಾಲಿ ಕರ್ ಅಂದಾಗ: ಬಳಕೆದಾರರ ಕೈಪಿಡಿ

ಎಚ್ಚರಿಕೆ: ಈ ಸಪ್ಪಳ ಮಿಸ್ತ್ರಿ ಮುಂದೆ ಬರುವುದಿಲ್ಲ. ರೋಣದಿಂದ ಗಜೇಂದ್ರಗಡದವರೆಗೂ ಬಿಟ್ಟುಬಿಟ್ಟು ಕೆರೆಯುತ್ತ ಬಂದ ಗಾಲಿ, ಗ್ಯಾರೇಜಿನ ಬಾಗಿಲಿಗೆ ಬಂದ ಕೂಡಲೇ ಮಾವನ ಮನೆಗೆ ಬಂದ ಹೊಸ ಅಳಿಯನಂತೆ ಮೆತ್ತಗಾಗುತ್ತದೆ. ಆದ್ದರಿಂದ ಪಕ್ಕದ ಸೀಟಿನಲ್ಲಿ ಒಬ್ಬ ಸಾಕ್ಷಿ ಇರಲಿ.

ಮೊದಲು ಹಾಡು ಬಂದ್ ಮಾಡಿ, ಗ್ಲಾಸು ಇಳಿಸಿ, ತಾಸಿಗೆ 20 ಕಿ.ಮೀ. ವೇಗದಲ್ಲಿ ಸಾಗಿ. 13 ಇಂಚಿನ ಗಾಲಿಯ ಸಣ್ಣ ಕಾರಿನ ಟೈರು ಒಂದು ಸುತ್ತಿಗೆ ಸುಮಾರು 1.8 ಮೀಟರ್ ಓಡುತ್ತದೆ. ಅಂದರೆ ಸೆಕೆಂಡಿಗೆ ಮೂರು ಸುತ್ತು. ಸಪ್ಪಳವೂ ಸೆಕೆಂಡಿಗೆ ಮೂರು ಸಲ ಬಂದರೆ ಗಾಲಿಯ ಜತೆ ತಿರುಗುವ ಏನೋ ಒಂದು ಎಲ್ಲೋ ತಾಗುತ್ತಿದೆ. ಲೆಕ್ಕದ ಭರದಲ್ಲಿ ಎದುರಿನ ಎಮ್ಮೆಯನ್ನು ಮರೆಯಬೇಡಿ.

ಬ್ರೇಕ್ ಒತ್ತಿದಾಗ ಸಪ್ಪಳ ಬದಲಾದರೆ ಪ್ಯಾಡು ನೋಡಿಸಿ. ಕೆಲವು ಪ್ಯಾಡುಗಳಿಗೆ ತೆಳು ಉಕ್ಕಿನ ಪಟ್ಟಿ ಇರುತ್ತದೆ. ಪ್ಯಾಡು ಸವೆದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತದೆ. ಕಂಪನಿಯವರೇ ಕೂಡಿಸಿಕೊಟ್ಟ ಅಳು ಅದು. ಡಿಸ್ಕಿಗೂ ಹಿಂದಿನ ತಗಡಿಗೂ ನಡುವೆ ಖಡಿ ಸಿಕ್ಕಿದ್ದರೆ ನಾಲ್ಕು ಮಾರು ರಿವರ್ಸ್ ಹೋಗಿ, ಉದುರಿದರೂ ಉದುರೀತು. ಬೇರಿಂಗ್ ಅನುಮಾನವಿದ್ದರೆ ಜಾಕ್ ಹಚ್ಚಿ, ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಹಿಂದಿನ ಗಾಲಿಗೆ ಕಲ್ಲು ಕೊಟ್ಟಿರಬೇಕು. ಗಜೇಂದ್ರಗಡದ ಗುಡ್ಡದ ಇಳಿಜಾರಿನಲ್ಲಂತೂ ಈ ಸಾಹಸ ಬೇಡ. ಅಲ್ಲಿಯ ದೇವರು ಕಾಲಕಾಲೇಶ್ವರನಿಗೂ ಬೇರೆ ಕೆಲಸ ಇರುತ್ತದೆ.

ಕಂಪನಿಯ ಪುಸ್ತಕ ಇಲ್ಲಿಗೆ ಮುಗಿಯುತ್ತದೆ. ಮಳೆಯಲ್ಲಿ ನರಗುಂದದ ಎರಿ ಹೊಲದ ದಾರಿಗೆ ಇಳಿದಿದ್ದೀರಾ? ಮಡ್‌ಗಾರ್ಡಿನೊಳಗೆ ಮೆತ್ತಿದ ಮಣ್ಣು ಎರಡು ಬಿಸಿಲಿಗೆ ಇಟ್ಟಂಗಿಯಾಗಿ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗಷ್ಟೇ ಟೈರನ್ನು ಕೆರೆಯುತ್ತದೆ. ಕಟ್ಟಿಗೆ ತುಂಡಿನಿಂದ ಕೆದರಿ ತೆಗೆಯಿರಿ.

ಹೆಸರಿನ ಸುಗ್ಗಿಯದು ಬೇರೆಯೇ ಕತೆ. ಆಗ ರೋಣದ ಸುತ್ತಿನ ಡಾಂಬರೇ ಕಣ, ನಿಮ್ಮ ಕಾರೇ ಪುಕ್ಕಟೆ ರಾಶಿ ಮಷಿನ್ನು. ಹರವಿದ ಗಿಡದ ಮೇಲೆ ಹಾಯ್ದು ಬಂದ ನನ್ನ ಗಾಡಿ ಎರಡು ದಿನ ಕರ್ ಅಂದಿತು, ಮೂರನೆಯ ದಿನ ಸುಮ್ಮನಾಯಿತು, ಮತ್ತೆ ಕರ್. ಬೇರಿಂಗೇ ಹೋಗಿದೆಯೆಂದು ಸಾಕ್ಷಿ ಸಮೇತ ವಾದಿಸಿದೆ. ಮಿಸ್ತ್ರಿ ಗೋಣಿತಟ್ಟಿನ ಮೇಲೆ ಮಲಗಿ ಒಳಗೆ ಕೈ ಹಾಕಿದ. ಎಕ್ಸೆಲ್‌ಗೆ ಹುರಿಯಂತೆ ಬಿಗಿದಿದ್ದ ಹೆಸರು ಬಳ್ಳಿ ಹಿಡಿಗಟ್ಟಲೆ ಹೊರಬಂತು. ಅದರ ಸಡಿಲ ತುದಿ ಸುತ್ತಿಗೊಮ್ಮೆ ತಗಡಿಗೆ ಬಡಿಯುತ್ತಿತ್ತು. ಒಂದು ಕಾಯಿ ಬಿಡಿಸಿ ಅಂಗೈ ಮೇಲಿಟ್ಟು ತೋರಿಸಿದ:

“ಬ್ಯಾರಿಂಗ್ ಅಲ್ರೀ ಸರ, ಬ್ಯಾಳಿ.”

ನಗಬೇಡಿ. ಒಣಗಿದ ಹೊಟ್ಟು ಸೈಲೆನ್ಸರಿನ ಕಾವಿಗೆ ಹೊತ್ತಿಕೊಳ್ಳುತ್ತದೆ. ರಾಶಿ ದಾಟಿದ ಮೇಲೆ ಗಾಡಿ ನಿಲ್ಲಿಸಿ, ಕೆಳಗೆ ಬಗ್ಗಿ ನೋಡಿ, ಕಿತ್ತು ತೆಗೆಯಿರಿ.

ವಿಶೇಷ ಸೂಚನೆ: ಗಾಲಿ ತೊಳೆದ ಜಾಗದಲ್ಲಿ ನಾಲ್ಕೈದು ದಿನಕ್ಕೆ ಹಸಿರು ಮೊಳಕೆ ಕಂಡರೆ ಗಾಬರಿ ಬೇಡ. ಅದು ವಾರಂಟಿಗೆ ಒಳಪಡುವುದಿಲ್ಲ.