ಎರಡು ಕತ್ತೆ, 120 ಕೋಳಿ ಮತ್ತು ನನ್ನ ಡಿಪಾಸಿಟ್ಟು

ಸನ್ಮಾನ್ಯ ಮನೆ ಮಾಲೀಕರಿಗೆ, ಟೆಕ್ಸಸ್‌ನ ಇರ್ವಿಂಗಿನಿಂದ ತಮ್ಮ ಹಳೆಯ ಬಾಡಿಗೆದಾರ ಮಾಡುವ ನಮಸ್ಕಾರಗಳು.

ಜಸ್ಟಿಸ್ ಕೋರ್ಟಿನಲ್ಲಿ ಸೋತಿದ್ದಕ್ಕೆ ಮೊದಲು ಅಭಿನಂದನೆ ಸ್ವೀಕರಿಸಿ. ಗೆದ್ದವನು ನಾನು, ನಿದ್ದೆ ಕೆಟ್ಟಿರುವುದೂ ನನ್ನದೇ. ತಾವು ಮಾತ್ರ ಯುಗಾದಿ ಊಟದಲ್ಲಿ ಬಿಸಿಬೇಳೆಭಾತ್ ಎರಡನೇ ಸಲ ಹಾಕಿಸಿಕೊಂಡು, "ಏನಪ್ಪಾ, ಆರಾಮಾ?" ಎಂದು ನನ್ನ ಬೆನ್ನು ತಟ್ಟಿ ಹೋದಿರಿ. ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವರು ಟೆಕ್ಸಸ್ ಕಂಡಿರಲಿಲ್ಲ. ಇಲ್ಲಿ ಸೋತವರು ಗುಂಡುಕಲ್ಲಿನ ಹಾಗಿರುತ್ತಾರೆ.

ಡಿಪಾಸಿಟ್ಟು 1,800 ಡಾಲರ್. ಮನೆ ಬಿಟ್ಟು, ಹೊಸ ವಿಳಾಸ ಬರೆದುಕೊಟ್ಟ ಮೇಲೆ 30 ದಿನದೊಳಗೆ ವಾಪಸು ಕೊಡಬೇಕೆಂದು ಕಾನೂನು. ತಾವು ಕೊಟ್ಟಿದ್ದು ಕಾರಣ: ಗೋಡೆಗೆಲ್ಲ ಒಗ್ಗರಣೆ ವಾಸನೆ! ಮಂಡ್ಯದವರ ಬಾಯಲ್ಲಿ ಈ ಮಾತು ಕೇಳಿ ನನಗೆ ಬಂದ ದುಃಖವನ್ನು ಜಡ್ಜ್ ಲೆಕ್ಕಕ್ಕೆ ಹಿಡಿಯಲಿಲ್ಲ. ದುರುದ್ದೇಶದಿಂದ ಇಟ್ಟುಕೊಂಡ ಹಣಕ್ಕೆ ಮೂರು ಪಟ್ಟು, ಅದರ ಮೇಲೆ 100 ಡಾಲರ್ ಎಂಬ ನಿಯಮವನ್ನಷ್ಟೇ ಹಿಡಿದು 5,500 ಎಂದು ಬರೆದರು. 20,000 ಡಾಲರ್‌ವರೆಗಿನ ವ್ಯಾಜ್ಯಕ್ಕೆ ಈ ಕೋರ್ಟು ಸಾಕು, ವಕೀಲರೂ ಬೇಕಿಲ್ಲ. ವಸೂಲಿ ಮಾತ್ರ ಗೆದ್ದವನ ತಲೆನೋವು.

ಭಾರತದಲ್ಲಿ ದಾವೆದಾರನ ಕಷ್ಟ ಶುರುವಾಗುವುದೇ ಡಿಕ್ರಿ ಕೈಗೆ ಬಂದ ಮೇಲೆ ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. ಆ ವಿಷಯದಲ್ಲಿ ಟೆಕ್ಸಸ್ ನಮಗಿಂತ ಕಮ್ಮಿಯಿಲ್ಲ. ಊರಲ್ಲಾದರೆ ಅಮಲ್ಜಾರಿ ಅರ್ಜಿ ಹಾಕಿ, ಅಮೀನರನ್ನು ಕರೆದುಕೊಂಡು ಜಪ್ತಿಗೆ ಬರಬಹುದಿತ್ತು. ಇಲ್ಲಿ ಆ ಕೆಲಸ ಕಾನ್‌ಸ್ಟೆಬಲ್ಲರದು, ಅವರು ಏನನ್ನು ಮುಟ್ಟಬಾರದು ಎಂಬ ಪಟ್ಟಿಯೇ ದೊಡ್ಡದು. ತಮ್ಮ ಸಂಬಳಕ್ಕೆ ರಾಜ್ಯದ ಸಂವಿಧಾನವೇ ಕಾವಲು. ಮಕ್ಕಳ ಜೀವನಾಂಶದಂಥ ಕೆಲವು ಬಾಕಿ ಬಿಟ್ಟರೆ ಅದಕ್ಕೆ ಕೈ ಹಾಕುವಂತಿಲ್ಲ. ತಾವು ವಾಸವಿರುವ ಮನೆ, ಪಟ್ಟಣದಲ್ಲಿ 10 ಎಕರೆವರೆಗೆ, ಎಷ್ಟೇ ಬೆಲೆ ಬಾಳಲಿ, ಸುರಕ್ಷಿತ. ಸಂಸಾರವಂದಿಗರಿಗೆ 1,00,000 ಡಾಲರ್ ಮೌಲ್ಯದ ಸಾಮಾನೂ ಸುರಕ್ಷಿತ. ಅದರಲ್ಲಿ ಏನೇನು ಸೇರುತ್ತದೆ ಗೊತ್ತೆ? ಎರಡು ಬಂದೂಕು, 12 ದನ, ಜೀನು ಲಗಾಮು ಸಮೇತ ಎರಡು ಕುದುರೆ ಅಥವಾ ಕತ್ತೆ, 120 ಕೋಳಿ. ಬೈಬಲ್ಲಂತೂ ಆ ಮೊತ್ತದ ಲೆಕ್ಕಕ್ಕೇ ಬರುವುದಿಲ್ಲ. ಭಗವದ್ಗೀತೆಯ ಹೆಸರು ಕಾಣಲಿಲ್ಲ, ಆದರೂ ಧರ್ಮಗ್ರಂಥವೆಂದು ಅದೂ ಪಾರು.

ತಮ್ಮ ಹತ್ತಿರ ಕುದುರೆ ಇಲ್ಲವೆಂಬ ಚಿಂತೆ ಬೇಡ. ನಮ್ಮ ಇರ್ವಿಂಗಿನ ಲಾಸ್ ಕೊಲಿನಾಸ್‌ನ ವಿಲಿಯಮ್ಸ್ ಸ್ಕ್ವೇರಿನಲ್ಲಿ 1984ರಿಂದ ಒಂಬತ್ತು ಕಂಚಿನ ಕುದುರೆಗಳು ನೀರಿನಲ್ಲಿ ಓಡುತ್ತಲೇ ಇವೆ. ಎರಡನ್ನು ತಮ್ಮವೆಂದು ಬರೆಸಿಕೊಳ್ಳಿ. ಕತ್ತೆಯ ಜಾಗಕ್ಕೆ, ಗೆದ್ದ ತೀರ್ಪನ್ನು ಫ್ರೇಮು ಹಾಕಿಸಿಟ್ಟುಕೊಂಡಿರುವ ನಾನಿದ್ದೇನೆ.

ಇನ್ನೊಂದು ಸಣ್ಣ ವಿಷಯ. ಕಾನೂನು ಕಾಯುವುದು ತಾವು ವಾಸವಿರುವ ಮನೆಯನ್ನು. ವ್ಯಾಲಿ ರ‍್ಯಾಂಚಿನಲ್ಲಿ ನಾನು ಬಾಡಿಗೆಗಿದ್ದ, ಈಗ ಬೇರೊಬ್ಬರು ಒಗ್ಗರಣೆ ಹಾಕುತ್ತಿರುವ ಆ ಎರಡನೇ ಮನೆಗೆ ಈ ರಕ್ಷೆ ಇಲ್ಲ. ತೀರ್ಪಿನ ಸಾರಾಂಶಪತ್ರವನ್ನು ಕೋರ್ಟಿನಿಂದ ಪಡೆದು ಡಲ್ಲಾಸ್ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ನೋಂದಾಯಿಸಿದ್ದೇನೆ. ನಮ್ಮೂರ ಇ.ಸಿ.ಯಲ್ಲಿ ಕಾಣುತ್ತದಲ್ಲ ಋಣಭಾರ, ಅದೇ ಇದು. ಆಯುಸ್ಸು 10 ವರ್ಷ. ಮಾರಲು ಹೊರಟ ದಿನ ಟೈಟಲ್ ಕಂಪನಿಯವರು ನನ್ನ ಹೆಸರು ಓದಿ ಹೇಳುತ್ತಾರೆ. ಅಷ್ಟರವರೆಗೆ ಬಡ್ಡಿ, ವರ್ಷಕ್ಕೆ ಕನಿಷ್ಠ ಶೇಕಡಾ 5.

ಅಷ್ಟು ಕಾಯುವ ತಾಳ್ಮೆ ನನಗಿಲ್ಲದಿದ್ದರೆ ಕಾನ್‌ಸ್ಟೆಬಲ್ಲರು ಆ ಮನೆಯನ್ನು ಹರಾಜಿಗೂ ಇಡಬಹುದು. ಟೆಕ್ಸಸ್‌ನಲ್ಲಿ ಇಂಥ ಹರಾಜು ನಡೆಯುವುದು ತಿಂಗಳ ಮೊದಲ ಮಂಗಳವಾರ. ಮಂಗಳವಾರ, ಶುಕ್ರವಾರ ಮನೆಯ ಲಕ್ಷ್ಮಿಯನ್ನು ಹೊರಗೆ ಕಳಿಸುವವರಲ್ಲ ತಾವು. ದಯವಿಟ್ಟು ಅದಕ್ಕೆ ಮೊದಲೇ ಒಂದು ಬುಧವಾರ ಚೆಕ್ ಬರೆದುಬಿಡಿ.